ಕಿತ್ತಳೆಯ ಬಿಳಿ ನಾರನ್ನು ಬಿಸಾಡಬೇಡಿ

ನವೆಂಬರ್ ಬಂತೆಂದರೆ ಚಿಕ್ಕಮಗಳೂರು, ಮೂಡಿಗೆರೆ ಕಡೆ ತೋಟಗಳಲ್ಲಿ ಅರೇಬಿಕಾ ಕೊಯ್ಲು ಶುರು. ಕೆಂಪಗೆ ಹಣ್ಣಾದ ಕಾಫಿಯನ್ನು ಪಲ್ಪರ್‌ಗೆ ಹಾಕುತ್ತಾರೆ. ಸಿಪ್ಪೆ ಬೇರೆಯಾಗುತ್ತದೆ, ಆದರೆ ಬೀಜದ ಮೇಲಿನ ಲೋಳೆ ಮಾತ್ರ ಅಂಟಿಕೊಂಡೇ ಇರುತ್ತದೆ. ಸುಮ್ನೆ ನೀರು ಹಾಕಿದರೆ ಹೋಗುವಂಥದ್ದಲ್ಲ ಅದು. ಹಾಗಾಗಿ ಬೀಜವನ್ನು ತೊಟ್ಟಿಯಲ್ಲಿ ಒಂದು ದಿನ, ಚಳಿ ಜಾಸ್ತಿ ಇದ್ದರೆ ಇನ್ನೂ ಸ್ವಲ್ಪ ಹೊತ್ತು, ಹುಳಿಯಲು ಬಿಡುತ್ತಾರೆ. ಆಮೇಲೆ ತೊಳೆದರೆ ಲೋಳೆಯೆಲ್ಲ ಬಿಟ್ಟು ಬೀಜ ಕೈಗೆ ಒರಟಾಗಿ ಸಿಗುತ್ತದೆ. ಆ ಲೋಳೆಗೆ ಅಂಟು ಬರುವುದು ಪೆಕ್ಟಿನ್ ಎಂಬ ನಾರಿನಿಂದ. ತೊಟ್ಟಿಯಲ್ಲಿ ಅದನ್ನು ಒಡೆದು ಕರಗಿಸುವುದರಲ್ಲಿ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳ ಪಾಲು ದೊಡ್ಡದು.

ಅಂಥದ್ದೇ ಒಂದು ತೊಟ್ಟಿ ನಮ್ಮ ಹೊಟ್ಟೆಯೊಳಗೂ ಇದೆ. ದೊಡ್ಡ ಕರುಳು. ಸೀಬೆ, ಸೇಬು, ಕಿತ್ತಳೆ, ಯಾವುದನ್ನೇ ತಿನ್ನಿ, ಅದರ ಪೆಕ್ಟಿನ್ ಒಡೆಯುವ ಕಿಣ್ವ ಮನುಷ್ಯನ ದೇಹದಲ್ಲಿ ತಯಾರಾಗುವುದಿಲ್ಲ. ಜಠರದ ಆಮ್ಲ ದಾಟಿ, ಸುಮಾರು ಆರು ಮೀಟರ್ ಸಣ್ಣ ಕರುಳು ದಾಟಿ, ಪೆಕ್ಟಿನ್ ಹೆಚ್ಚೂಕಡಿಮೆ ಹಾಗೇ ದೊಡ್ಡ ಕರುಳಿಗೆ ಬಂದು ಬೀಳುತ್ತದೆ. ಅಲ್ಲಿ ಕಾಯುತ್ತಿರುವವರು ಎಷ್ಟು ಜನ ಗೊತ್ತಾ? 70 ಕಿಲೋ ತೂಕದ ಒಬ್ಬ ಮನುಷ್ಯನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂದು 2016ರಲ್ಲಿ ಲೆಕ್ಕ ಹಾಕಿದ್ದಾರೆ. ಅವನ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಆ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಇರುವುದು ಈ ದೊಡ್ಡ ಕರುಳಲ್ಲೇ.

ಅವುಗಳಲ್ಲಿ ಒಂದು ಬ್ಯಾಕ್ಟೀರಾಯ್ಡಿಸ್ ಥೀಟಾಅಯೋಟಾಮೈಕ್ರಾನ್. ಹೆಸರು ಉದ್ದ, ಕೆಲಸವೂ ದೊಡ್ಡದು. ಪೆಕ್ಟಿನ್‌ನಲ್ಲಿ ಎಲ್ಲಕ್ಕಿಂತ ಸಿಕ್ಕುಸಿಕ್ಕಾದ ಒಂದು ಭಾಗವಿದೆ, ಅದರಲ್ಲಿ 21 ಬಗೆಯ ಬಂಧಗಳು. ಈ ಒಂದೇ ಬ್ಯಾಕ್ಟೀರಿಯಾ ಅದರಲ್ಲಿ 20ನ್ನು ಕತ್ತರಿಸುತ್ತದೆ ಎಂದು 2017ರಲ್ಲಿ ಗೊತ್ತಾಯಿತು. ಹೀಗೆ ಬಿಡಿಯಾದ ಸಕ್ಕರೆಗಳನ್ನು ಇದೂ ಇದರ ನೆರೆಹೊರೆಯ ಬ್ಯಾಕ್ಟೀರಿಯಾಗಳೂ ತಿಂದು ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಎಂಬ ಸಣ್ಣ ಆಮ್ಲಗಳನ್ನು ಹೊರಬಿಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ ಈ ಬ್ಯುಟಿರಿಕ್ ಆಮ್ಲವೇ.

ಇದು ನಾರಿನ ಮಾತಾಯಿತು. ನನಗೆ ಇದಕ್ಕಿಂತ ಬೆರಗು ಅನ್ನಿಸುವುದು ಗಿಡಗಳು ತಯಾರಿಸುವ ರಾಸಾಯನಿಕಗಳಾದ ಪಾಲಿಫಿನಾಲ್‌ಗಳ ವಿಷಯ. ನೇರಳೆಯ ಬಣ್ಣ, ನೆಲ್ಲಿಕಾಯಿಯ ಒಗರು, ದಾಳಿಂಬೆ ಸಿಪ್ಪೆಯ ಕಹಿ, ಇವೆಲ್ಲದರ ಹಿಂದೆ ಇರುವುದು ಅವೇ. ಗಿಡ ಅವನ್ನು ಮಾಡಿಕೊಳ್ಳುವುದು ನಮಗಾಗಿ ಅಲ್ಲ. ಬಿಸಿಲಿನಿಂದ, ಹುಳದಿಂದ, ಬೂಷ್ಟಿನಿಂದ ತನ್ನನ್ನು ಉಳಿಸಿಕೊಳ್ಳುವುದಕ್ಕೆ.

ಕಾಫಿ ತೋಟದ ನಡುವೆ ಬೆಳೆಯುವ ನಮ್ಮ ಕಿತ್ತಳೆಯನ್ನೇ ತೆಗೆದುಕೊಳ್ಳಿ. ತೊಳೆಯ ಮೇಲಿನ ಬಿಳಿ ನಾರನ್ನು ಕೂತು ಒಂದೊಂದಾಗಿ ಕಿತ್ತು ಬಿಸಾಡುವವರು ಬೇಕಾದಷ್ಟು ಜನ ಇದ್ದಾರೆ, ಅಲ್ವಾ? ಹೆಸ್ಪೆರಿಡಿನ್ ಎಂಬ ಪಾಲಿಫಿನಾಲ್ ರಸಕ್ಕಿಂತ ಜಾಸ್ತಿ ಇರುವುದು ಆ ಬಿಳಿ ನಾರಿನಲ್ಲಿ, ತೊಳೆಯ ಪೊರೆಯಲ್ಲಿ, ಸಿಪ್ಪೆಯಲ್ಲಿ. ಮಲೆನಾಡಿನ ಮನೆಗಳಲ್ಲಿ ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುತ್ತಾರಲ್ಲ, ಅದು ನಿಜಕ್ಕೂ ಒಳ್ಳೆಯ ಅಡುಗೆ.

ಹೆಸ್ಪೆರಿಡಿನ್‌ಗೆ ಗ್ಲೂಕೋಸ್ ಮತ್ತು ರ‍್ಯಾಮ್ನೋಸ್ ಎಂಬ ಎರಡು ಸಕ್ಕರೆಗಳ ಜೋಡಿ ಅಂಟಿಕೊಂಡಿರುತ್ತದೆ. ಬರೀ ಗ್ಲೂಕೋಸ್ ಇದ್ದಿದ್ದರೆ ಸಣ್ಣ ಕರುಳೇ ಕಿತ್ತು ಒಳಗೆ ಎಳೆದುಕೊಳ್ಳುತ್ತಿತ್ತು. ಈ ಜೋಡಿಯನ್ನು ಬಿಡಿಸುವುದು ಅದಕ್ಕೆ ಬರುವುದಿಲ್ಲ. ಕೆಳಗೆ ದೊಡ್ಡ ಕರುಳಿನಲ್ಲಿ ಬೈಫಿಡೋಬ್ಯಾಕ್ಟೀರಿಯಂನಂಥವು ರ‍್ಯಾಮ್ನೋಸನ್ನು ಕತ್ತರಿಸಿದ ಮೇಲೆಯೇ ಒಳಗಿನ ಹೆಸ್ಪೆರೆಟಿನ್ ಬಿಡುಗಡೆಯಾಗಿ ರಕ್ತಕ್ಕೆ ಸೇರುತ್ತದೆ. ಇದಕ್ಕೆ ಹೊತ್ತು ಬೇಕು. ಕಿತ್ತಳೆ ರಸ ಕುಡಿದವರ ರಕ್ತ ಪರೀಕ್ಷಿಸಿದಾಗ ಅದು ಅತಿ ಹೆಚ್ಚು ಕಂಡದ್ದು ಐದರಿಂದ ಏಳು ಗಂಟೆಯ ನಂತರ. ಅಂದರೆ ಮಧ್ಯಾಹ್ನ ಊಟವಾಗಿ ತಿಂದ ಹಣ್ಣು ರಾತ್ರಿ ಊಟದ ಹೊತ್ತಿಗೆ ರಕ್ತದಲ್ಲಿ ಮೇಲೇರುತ್ತಿರುತ್ತದೆ. ರಸವನ್ನು ಕೊಡುವ ಮೊದಲೇ ಕಿಣ್ವ ಹಾಕಿ ರ‍್ಯಾಮ್ನೋಸ್ ತೆಗೆದು ಕೊಟ್ಟರೆ ಏನಾಗುತ್ತದೆ ಎಂದು 2006ರಲ್ಲಿ ನೋಡಿದ್ದಾರೆ. ಆಗ ಒಂದು ಗಂಟೆಯೊಳಗೇ ಏರಿತು! ಹೊತ್ತಾಗುತ್ತಿದ್ದದ್ದು ಏಕೆ ಎನ್ನುವುದಕ್ಕೆ ಇದಕ್ಕಿಂತ ಚೊಕ್ಕ ಉತ್ತರ ಬೇಕಾ?

ನೇರಳೆ ತಿಂದರೆ ನಾಲಿಗೆ ನೀಲಿಯಾಗುತ್ತದೆ. ಆ ಬಣ್ಣ ಆಂಥೋಸಯನಿನ್. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ? ರಕ್ತದಲ್ಲಿ ಹುಡುಕಿದರೆ ಬಣ್ಣ ಬಣ್ಣವಾಗಿಯೇ ಸಿಗುವುದು ತೀರಾ ಕಡಿಮೆ, ಹಾಗಾಗಿ ಬಹಳ ವರ್ಷ ಇದು ಮೈಗೆ ಹತ್ತುವುದೇ ಇಲ್ಲ ಅಂದುಕೊಂಡಿದ್ದರು. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಗುರುತಿಸಲು ಬರುವಂಥ ಭಾರದ ಕಾರ್ಬನ್ ಸೇರಿಸಿ ಇದೇ ಕುಟುಂಬದ ಒಂದು ಬಣ್ಣವನ್ನು ತಯಾರಿಸಿ, ಎಂಟು ಗಂಡಸರಿಗೆ ತಲಾ 500 ಮಿಲಿಗ್ರಾಂ ಕೊಟ್ಟರು. ಆ ಕಾರ್ಬನ್ ಮೂತ್ರದಲ್ಲಿ ಸಿಕ್ಕಿತು, ಮಲದಲ್ಲಿ ಸಿಕ್ಕಿತು, ಉಸಿರಿನಲ್ಲೂ ಸಿಕ್ಕಿತು. ಮೂತ್ರ ಮತ್ತು ಉಸಿರನ್ನು ಕೂಡಿದರೆ ಶೇ 12ರಷ್ಟು. ಬಣ್ಣವೇನೋ ಕಾಣೆಯಾಗಿತ್ತು, ಆದರೆ ಅದು ಒಡೆದು ಆದ ಚಿಕ್ಕ ಚಿಕ್ಕ ಆಮ್ಲಗಳು ಸಾಲುಸಾಲಾಗಿ ಇದ್ದವು. ಕರುಳಿನಲ್ಲಿ ಬಣ್ಣ ತಾನಾಗಿಯೂ ಒಡೆಯುತ್ತದೆ, ಬ್ಯಾಕ್ಟೀರಿಯಾಗಳೂ ಒಡೆಯುತ್ತವೆ. ರಕ್ತದಲ್ಲಿ ಓಡಾಡುವುದು ಮಾತ್ರ ಹೆಚ್ಚಾಗಿ ಆ ಚೂರುಗಳೇ.

ಇದಕ್ಕೇ ನನಗೆ ಡಬ್ಬಿಗಳ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವ ‘ಆಂಟಿಆಕ್ಸಿಡೆಂಟ್’ (ಜೀವಕೋಶಗಳಿಗೆ ಆಗುವ ಒಂದು ಬಗೆಯ ಹಾನಿ ತಡೆಯುವ ವಸ್ತು) ಎಂಬ ಮಾತಿನ ಮೇಲೆ ನಂಬಿಕೆ ಇಲ್ಲ. ಹಣ್ಣಿನ ರಸವನ್ನು ಗಾಜಿನ ನಳಿಕೆಯಲ್ಲಿ ಹಾಕಿ ಆ ತಡೆಯುವ ಶಕ್ತಿಯನ್ನು ಅಳೆದರೆ ಏನೋ ಒಂದು ಅಂಕಿ ಬರುತ್ತದೆ, ನಿಜ. ಆದರೆ ನಳಿಕೆಯಲ್ಲಿದ್ದ ವಸ್ತು ರಕ್ತಕ್ಕೆ ಬರುವ ಹೊತ್ತಿಗೆ ಆ ವಸ್ತುವಾಗಿಯೇ ಉಳಿದಿಲ್ಲವಲ್ಲ! ಅಮೆರಿಕದ ಕೃಷಿ ಇಲಾಖೆ ಆಹಾರಗಳ ಇಂಥ ಅಂಕಿಗಳ ದೊಡ್ಡ ಪಟ್ಟಿಯನ್ನೇ ಇಟ್ಟಿತ್ತು. ಅಂಕಿ ಜಾಸ್ತಿ ಇದ್ದರೆ ಆರೋಗ್ಯ ಜಾಸ್ತಿ ಎನ್ನುವುದಕ್ಕೆ ಆಧಾರವಿಲ್ಲ ಎಂದು 2012ರಲ್ಲಿ ಅದನ್ನು ತೆಗೆದುಹಾಕಿತು. ನೇರಳೆ ಬೀಜದ ಪುಡಿ, ನೆಲ್ಲಿ ಪುಡಿ ಅಂತ ಮಾರುವವರ ಮಾತು ಕೇಳಿ ಶುಗರ್ ಮಾತ್ರೆ ಬಿಟ್ಟವರನ್ನು ಕಂಡರೆ ನಿಜವಾಗಿಯೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಹಣ್ಣು ತಿನ್ನಿ, ಮಾತ್ರೆಯ ವಿಷಯ ಡಾಕ್ಟರ್ ಹತ್ತಿರ ಮಾತಾಡಿ.

ದಾಳಿಂಬೆಯಲ್ಲಿ ಇನ್ನೊಂದು ತಿರುವು ಇದೆ. ಅದರಲ್ಲಿರುವ ಎಲಾಜಿಟ್ಯಾನಿನ್ ಕರುಳಲ್ಲಿ ಒಡೆದು ಎಲಾಜಿಕ್ ಆಮ್ಲವಾಗುತ್ತದೆ. ಅದನ್ನು ಗೋರ್ಡೋನಿಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಹಂತಹಂತವಾಗಿ ಬದಲಿಸಿ ಯುರೋಲಿಥಿನ್-ಸಿ ತನಕ ತರುತ್ತದೆ, ಅಲ್ಲಿಂದ ಮುಂದೆ ಅದರ ಕೈಲಾಗುವುದಿಲ್ಲ. ಯುರೋಲಿಥಿನ್-ಎ ಆಗಬೇಕಾದರೆ ಬೇರೊಂದು ಬ್ಯಾಕ್ಟೀರಿಯಾ ಬರಬೇಕು. ಆ ಎರಡನೆಯದು ನಿಮ್ಮ ಹೊಟ್ಟೆಯಲ್ಲಿ ಇಲ್ಲದಿದ್ದರೆ? ಇಲ್ಲ, ಅಷ್ಟೇ. ಸ್ಪೇನ್‌ನ ಮುರ್ಸಿಯಾದ ಸಂಶೋಧಕರು ಜನರಲ್ಲಿ ಮೂರು ಗುಂಪು ಕಂಡರು. ಒಂದು ಗುಂಪಿನ ಮೂತ್ರದಲ್ಲಿ ಕೊನೆಗೆ ಸಿಗುವುದು ಯುರೋಲಿಥಿನ್-ಎ, ಇನ್ನೊಂದರಲ್ಲಿ ಅದರ ಜೊತೆ ಬೇರೆ ಯುರೋಲಿಥಿನ್‌ಗಳೂ ಇರುತ್ತವೆ, ಮೂರನೆಯವರಲ್ಲಿ ಇವು ಯಾವುವೂ ಇಲ್ಲ. ಒಂದೇ ದಾಳಿಂಬೆಯನ್ನು ಗಂಡ ಹೆಂಡತಿ ಬಿಡಿಸಿಕೊಂಡು ತಿಂದರೂ ಇಬ್ಬರ ಮೈಗೆ ಸೇರುವುದು ಬೇರೆ ಬೇರೆ ವಸ್ತುವಾಗಿರಬಹುದು.

ಯುರೋಲಿಥಿನ್-ಎ ಕೊಟ್ಟರೆ ಒಂದು ಮಿಲಿಮೀಟರ್ ಉದ್ದದ ಒಂದು ಜಾತಿಯ ಹುಳುವಿನ ಆಯಸ್ಸು ಶೇ 45ರಷ್ಟು ಹೆಚ್ಚಿತು ಎಂದು 2016ರಲ್ಲಿ ವರದಿಯಾದಾಗ ದೊಡ್ಡ ಸುದ್ದಿಯಾಯಿತು. ಈಗ ಅದರ ಮಾತ್ರೆಯನ್ನೂ ಮಾರುತ್ತಾರೆ. ಮನುಷ್ಯರಲ್ಲಿ ಆಗಿರುವುದು ಸಣ್ಣ ಪ್ರಯೋಗಗಳು. ಹುಳುವಿನ ಲೆಕ್ಕವನ್ನು ನಮಗೆ ಹಚ್ಚಿಕೊಳ್ಳುವುದು ಬೇಡ.

ಇಷ್ಟೆಲ್ಲ ಹೇಳಿ ಕಾಫಿ ಬಿಟ್ಟರೆ ನಮ್ಮ ಊರಿನವರು ಸುಮ್ಮನಿರುತ್ತಾರಾ? ಕಾಫಿಯೂ ಹಣ್ಣಿನ ಬೀಜವೇ. ಅದರಲ್ಲಿ ಕ್ಲೋರೊಜೆನಿಕ್ ಆಮ್ಲ ಎಂಬ ಪಾಲಿಫಿನಾಲ್ ಧಾರಾಳವಾಗಿದೆ, ಹುರಿಯುವಾಗ ಒಂದಷ್ಟು ಹೋದರೂ ಉಳಿಯುತ್ತದೆ. ದೊಡ್ಡ ಕರುಳನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದಿದ್ದವರಿಗೆ ಇದನ್ನು ಕೊಟ್ಟು ನೋಡಿದ ಪ್ರಯೋಗದಲ್ಲಿ, ಸಣ್ಣ ಕರುಳು ಹೀರಿದ್ದು ಮೂರರಲ್ಲಿ ಒಂದು ಪಾಲು. ಉಳಿದ ಎರಡು ಪಾಲು ನಮ್ಮ ನಿಮ್ಮಲ್ಲಿ ಆ ತೊಟ್ಟಿಗೇ ಹೋಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ಕೆಫೀಕ್ ಆಮ್ಲ, ಕ್ವಿನಿಕ್ ಆಮ್ಲ ಎಂದು ಎರಡಾಗಿ ಸೀಳಿ, ಮತ್ತೆ ಮತ್ತೆ ಒಡೆದು, ಕೊನೆಗೆ ಯಕೃತ್ತು ಮತ್ತು ಮೂತ್ರಪಿಂಡಗಳ ಕೈ ಸೇರಿ ಹಿಪ್ಯುರಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಬರುತ್ತದೆ.

2024ರಲ್ಲಿ ಇನ್ನೂ ಒಂದು ವಿಷಯ ಗೊತ್ತಾಯಿತು. ಬ್ರಿಟನ್ ಮತ್ತು ಅಮೆರಿಕದ 22,000ಕ್ಕೂ ಹೆಚ್ಚು ಜನರ ಮಲದ ಮಾದರಿ ಪರೀಕ್ಷಿಸಿದಾಗ, ಲಾಸೋನಿಬ್ಯಾಕ್ಟರ್ ಅಸ್ಯಾಕರೋಲಿಟಿಕಸ್ ಎಂಬ ಒಂದು ಬ್ಯಾಕ್ಟೀರಿಯಾ ಕಾಫಿ ಕುಡಿಯುವವರಲ್ಲಿ, ಕುಡಿಯದವರಿಗಿಂತ ಹಲವು ಪಟ್ಟು ಜಾಸ್ತಿ ಇತ್ತು. ಲ್ಯಾಬ್‌ನಲ್ಲಿ ಕಾಫಿ ಹಾಕಿದರೆ ಅದು ಚೆನ್ನಾಗಿ ಬೆಳೆಯಿತು. ಕೆಫೀನ್ ತೆಗೆದ ಕಾಫಿಯಲ್ಲೂ ಬೆಳೆಯಿತು, ಅಂದರೆ ಅದಕ್ಕೆ ಬೇಕಾದದ್ದು ಕೆಫೀನ್ ಅಲ್ಲ. ಬೇರೆ ಬೇರೆ ದೇಶಗಳ ಮಾಹಿತಿ ಕೂಡಿಸಿ ನೋಡಿದಾಗಲೂ, ಜಾಸ್ತಿ ಕಾಫಿ ಕುಡಿಯುವ ದೇಶಗಳಲ್ಲಿ ಅದು ಸಾಮಾನ್ಯ, ಕಡಿಮೆ ಕುಡಿಯುವ ಕಡೆ ಅಪರೂಪ.

ಭಾರತ ಒಟ್ಟಾರೆ ಟೀ ಕುಡಿಯುವ ದೇಶ. ಆ ಸರಾಸರಿಯನ್ನು ಚಿಕ್ಕಮಗಳೂರು, ಹಾಸನಕ್ಕೆ ಹಚ್ಚಿದರೆ ತಪ್ಪಾಗುತ್ತದೆ. ಇಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಫಿಲ್ಟರ್ ಡಿಕಾಕ್ಷನ್ ಇಳಿಯುವ ಮನೆಗಳೂ ಇವೆ, ಟೀ ಮಾತ್ರ ಕುಡಿಯುವ ಮನೆಗಳೂ ಅದೇ ಬೀದಿಯಲ್ಲಿವೆ. ಊಟ ಎರಡೂ ಕಡೆ ಅದೇ ಮುದ್ದೆ, ಅದೇ ಸಾರು. ಕಾಫಿ ಒಂದೇ ವ್ಯತ್ಯಾಸ ಇರುವ ಇಂಥ ಹೋಲಿಕೆ ಲಂಡನ್ನಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಒಂದು ನೂರು ಕಾಫಿ ಮನೆ, ಒಂದು ನೂರು ಟೀ ಮನೆಯವರ ಮಾದರಿ ತೆಗೆದು, ಒಳಗೆ ಈ ಲಾಸೋನಿಬ್ಯಾಕ್ಟರ್ ಎಷ್ಟಿದೆ ಅಂತ ಎಣಿಸುವ ಕೆಲಸವನ್ನು ಮೈಕ್ರೋಬಯಾಲಜಿ ಓದುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಯಾರಾದರೂ ಕೈಗೆತ್ತಿಕೊಳ್ಳಲಿ ಎಂದು ನನಗೆ ತುಂಬ ಆಸೆ.