ಕೂಡದ ತಂತಿಯ ಗುಡುಗು

ಧಾರವಾಡದಲ್ಲಿ ಜುಲೈ ಮಳೆ ಹಿಡಿದರೆ ಬಿಡುವ ಮಾತಿಲ್ಲ. ಅಂಥ ಒಂದು ಸಂಜೆ ತಮ್ಮನ ಮಗ ಕೇಳಿದ: "ಕಾಕಾ, ಕತ್ತಲಾಗ ಗುಡುಗಿದಂಗ, ಮೈ ಜುಮ್ ಅನ್ನೋ ಹಂಗ ಇರೋ ಸಂಗೀತ ನಿಮ್ಮ ಕಡೆ ಇಲ್ಲೇನ್ರಿ?"

ಅವನು ಗಿಟಾರ್ ಗದ್ದಲದ ಹುಡುಗ. ನಮ್ಮಲ್ಲಿ ಆರ್ಕೆಸ್ಟ್ರಾ ಅಂದರೆ ಗಣಪತಿ ಪೆಂಡಾಲಿನ ಸಿನಿಮಾ ಹಾಡು. ಅದಲ್ಲ, ಇದು ಪಾಶ್ಚಾತ್ಯರ ದೊಡ್ಡ ವಾದ್ಯಮೇಳ ಅಂತ ಹೇಳಿ, ಬೀಥೋವನ್‌ನ ಆರನೇ ಸಿಂಫನಿಯ, ಅಂದರೆ ಆ ಮೇಳಕ್ಕೆ ಬರೆದ ದೀರ್ಘ ಕೃತಿಯ, ನಾಲ್ಕನೇ ಭಾಗವನ್ನು ಫೋನಿನಲ್ಲಿ ಹಚ್ಚಿದೆ. ಅದು ಬಿರುಗಾಳಿ ಮಳೆಯ ಭಾಗ.

"ಗುಂಗಾಡಿ ಹಾರಿದಂಗ ಅದ," ಅಂದ.

ತಪ್ಪು ಫೋನಿನದು. ಅದರ ಪುಟ್ಟ ಸ್ಪೀಕರಿನಲ್ಲಿ ಸುಮಾರು 200 ಹರ್ಟ್ಜ್‌ಗಿಂತ ಕೆಳಗಿನ ದನಿ ಬಹಳ ಕ್ಷೀಣ. ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಅನ್ನುವ ಲೆಕ್ಕ. ಆಳೆತ್ತರದ ಪಿಟೀಲಿನಂಥ ಡಬಲ್ ಬಾಸ್‌ನ ದಪ್ಪ ತಂತಿ ಅಲುಗುವುದು ಸುಮಾರು 41 ಸಲ. ಗುಡುಗು ಇರುವುದೇ ಅಲ್ಲಿ, ಫೋನು ಅದನ್ನೇ ನುಂಗಿಬಿಟ್ಟಿತ್ತು. ಹೆಡ್‌ಫೋನ್ ಕೊಟ್ಟೆ. ಈ ಸಲ ಪೂರ್ತಿ ಕೇಳಿದ.

ಈ ಗುಡುಗಿನ ಗುಟ್ಟು ತಂಬೂರಿಯಲ್ಲೇ ಇದೆ. ನಡುವಿನ ಎರಡು ತಂತಿಗಳನ್ನು ಒಂದೇ ಸಾ ಸ್ವರಕ್ಕೆ ಕೂಡಿಸುತ್ತೇವೆ, ಅಲ್ವಾ? ಒಂದು 150 ಹರ್ಟ್ಜ್, ಇನ್ನೊಂದು 153 ಇದ್ದರೆ ಸೆಕೆಂಡಿಗೆ ಮೂರು ಸಲ 'ವಾಂವ್' ಅನ್ನುತ್ತದೆ. ಎರಡು ಅಲೆಗಳು ಒಮ್ಮೆ ಕೂಡಿ ಉಬ್ಬುತ್ತವೆ, ಒಮ್ಮೆ ಒಂದನ್ನೊಂದು ಹೊಡೆದುಹಾಕುತ್ತವೆ. ಆ ವಾಂವ್ ಹೋಗುವ ತನಕ ಮಣಿ ಸರಿಸುತ್ತೇವೆ. ವ್ಯತ್ಯಾಸ ಇಪ್ಪತ್ತು ಮೂವತ್ತಕ್ಕೆ ಏರಿದರೆ ಎಣಿಸಲು ಬರುವುದಿಲ್ಲ, ಬರೀ ಗೊರಗೊರ. ಕಿವಿಯೊಳಗೆ ಬಸವನಹುಳುವಿನ ಹಾಗೆ ಸುತ್ತಿಕೊಂಡ ಕೊಳವೆ ಇದೆ. ಅದರ ಪೊರೆಯಲ್ಲಿ ಪಕ್ಕಪಕ್ಕದ ಸ್ವರಗಳು ಒಂದೇ ಜಾಗವನ್ನು ಅಲುಗಿಸುತ್ತವೆ. ಕಿವಿಗೆ ಅವನ್ನು ಬಿಡಿಸಲು ಆಗುವುದಿಲ್ಲ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲೇ ಈ ಒರಟುತನವನ್ನು ಇಂಥ ಬಡಿತಗಳ ಲೆಕ್ಕದಲ್ಲಿ ವಿವರಿಸಿದ್ದ.

ತಮಾಷೆ ಏನೆಂದರೆ, ಕೆಳಗಿನ ಸಪ್ತಕಕ್ಕೆ ಇಳಿದರೆ ಸಿಹಿ ಜೋಡಿಯೂ ಗೊರಗುಟ್ಟುತ್ತದೆ. ಮೇಲೆ 523 ಮತ್ತು 659 ಹರ್ಟ್ಜ್‌ನ ಸಾ-ಗ ಜೇನು. ಅದೇ ಸಾ-ಗ ಮೂರು ಸಪ್ತಕ ಕೆಳಗೆ 65 ಮತ್ತು 82. ವ್ಯತ್ಯಾಸ ಬರೀ 17, ಪೂರ್ತಿ ಕೆಸರು. ಬೀಥೋವನ್‌ಗೆ ಬೇಕಿದ್ದದ್ದು ಈ ಕೆಸರೇ. ಡಬಲ್ ಬಾಸ್‌ಗಿಂತ ಚಿಕ್ಕ ಚೆಲೋಗಳು ಐದು ಸ್ವರ ನುಡಿಸುವಷ್ಟರಲ್ಲಿ ಡಬಲ್ ಬಾಸ್‌ಗಳು ನಾಲ್ಕು ನುಡಿಸುತ್ತವೆ. ಮೊದಲ ಸ್ವರ ಬಿಟ್ಟರೆ ಒಂದೂ ಇನ್ನೊಂದಕ್ಕೆ ಕೂಡುವುದಿಲ್ಲ. 1808ರ ಶ್ರೋತೃಗಳಿಗೆ ಗುಡುಗು ಕೇಳಿಸಿದ್ದು ಹೀಗೆ.

ನಮ್ಮಲ್ಲಿ ಇದು ಇಲ್ಲವೇ ಇಲ್ಲ ಅನ್ನಲಾರೆ. ಸಾ 150 ಇದ್ದರೆ ಕೋಮಲ ರಿ 160. ತಂಬೂರಿಯ ಸಾ ಮೇಲೆ ಅದನ್ನು ಹಿಡಿದು ನಿಂತರೆ ಸೆಕೆಂಡಿಗೆ ಹತ್ತು ಬಡಿತ. ಶ್ರೀ, ಮಾರವಾ ರಾಗಗಳ ಮುಸ್ಸಂಜೆಯ ಕಳವಳಕ್ಕೆ ಇದೂ ಒಂದು ಕಾರಣ ಇದ್ದೀತು ಅಂತ ನನ್ನ ಗುಮಾನಿ. ಈ ರಾಗಗಳಲ್ಲಿ ನಮ್ಮವರು ಕೋಮಲ ರಿಯ ಮೇಲೆ ನಿಲ್ಲುವುದೂ ಉಂಟು, ಆದರೆ ಕೊನೆಗೆ ಸಾಗೆ ಮರಳುತ್ತಾರೆ.

ಮನುಷ್ಯರ ಚೀರಾಟದಲ್ಲೂ ಇದೇ ಒರಟುತನ ಇದೆ. ದನಿ ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆ, ಮಿದುಳಿನಲ್ಲಿ ಭಯ ಗುರುತಿಸುವ ಅಮಿಗ್ಡಲಾ ಎಚ್ಚೆತ್ತುಕೊಳ್ಳುತ್ತದೆ ಅಂತ 2015ರ ಒಂದು ಅಧ್ಯಯನ ತೋರಿಸಿತು. ಮಳೆಗಾಲದ ಮನೆಯಲ್ಲಿ ಸುಮ್ನೆ ಕೂತವನಿಗೆ ರೋಮಾಂಚ ಆಗದೆ ಇನ್ನೇನು?

ಹಾಗಾಗಿ ಹುಡುಕುವಾಗ 'ದುಃಖದ ಸಂಗೀತ' ಅಂತ ಹುಡುಕಬೇಡ ಅಂದೆ. ಪಿಯಾನೋ ಅಳುತ್ತಾ ಕೂತಿರುತ್ತದೆ, ಅಷ್ಟೇ. ದುಃಖ ಬೇರೆ, ಕತ್ತಲೆ ಬೇರೆ. ಕೆಳಗಿನ ವಾದ್ಯಗಳು ಜಾಸ್ತಿ ಕಿಕ್ಕಿರಿದ ಕಡೆ ಹೋಗು. ರಷ್ಯಾದ ಸಂಗೀತ ರಚನಕಾರ ಶೋಸ್ತಕೋವಿಚ್‌ನ ಹತ್ತನೇ ಸಿಂಫನಿಯ (1953) ಎರಡನೇ ಭಾಗ ಸುಮಾರು ನಾಲ್ಕೇ ನಿಮಿಷ, ಉಸಿರಾಡಲು ಬಿಡುವುದಿಲ್ಲ. ಅದೇ ದೇಶದ ರಾಖ್ಮನಿನಾಫ್‌ನ 'ಸತ್ತವರ ದ್ವೀಪ' ಐದರ ಲಯದಲ್ಲಿ ದೋಣಿಯ ಹಾಗೆ ತೂಗುತ್ತದೆ. ಝಪತಾಲದ 2-3 ಗೊತ್ತಿದ್ದವರಿಗೆ ಹೆಜ್ಜೆ ಬೇಗ ಸಿಗುತ್ತದೆ. ಅದರಲ್ಲಿ ಒಂದು ಎಳೆ ಹಿಡಿಯಬಹುದು: ಗ ರಿ ಗ ಸಾ, ಗ ಕೋಮಲ. ಸಾವಿನ ಪೂಜೆಯ ಹಳೆಯ ಲ್ಯಾಟಿನ್ ಹಾಡಿನ ಸ್ವರಗಳು. 1830ರಲ್ಲಿ ಫ್ರಾನ್ಸಿನ ಬರ್ಲಿಯೋಜ್ ಅದನ್ನೇ ತನ್ನ ಸಿಂಫನಿಯ ಮಾಟಗಾತಿಯರ ಕುಣಿತಕ್ಕೆ ಎಳೆದು ತಂದ. ಪೋಲೆಂಡಿನ ಪೆಂಡರೆಟ್ಸ್ಕಿ ಹಿರೋಷಿಮಾದಲ್ಲಿ ಮಡಿದವರಿಗೆ ಅರ್ಪಿಸಿದ ಕೃತಿಯಲ್ಲಿ 52 ತಂತಿವಾದ್ಯಗಳಿವೆ. ಅಲ್ಲಿ ಪಕ್ಕಪಕ್ಕದ ಸ್ವರಗಳನ್ನೇ ಒಟ್ಟಿಗೆ ಪೇರಿಸಿಟ್ಟಿದ್ದಾನೆ. ನನಗೆ ಒಂದೇ ಸಲ ಕೇಳಲು ಆಗಿದ್ದು. ಹುಡುಗ ಎರಡು ಸಲ ಕೇಳಿದ.

ರಾತ್ರಿ ತಂಬೂರಿ ತೆಗೆದೆ. ತಂಪು ಹವೆಗೆ ಶ್ರುತಿ ಕದಲಿತ್ತು. ಜೋಡಿ ತಂತಿ ವಾಂವ್ ವಾಂವ್ ಅಂತಿತ್ತು.

"ಕಾಕಾ, ಹಂಗ ಬಿಡ್ರಿ. ಛಲೋ ಅದ."

ಮಣಿ ಸರಿಸಿದೆ. ಮುಖ ಸಣ್ಣದು ಮಾಡಿಕೊಂಡು ಮತ್ತೆ ಹೆಡ್‌ಫೋನ್ ಹಾಕಿಕೊಂಡ.