ಬೆಲ್ಟ್ ಎಣಿಸಿ ಹಾಲ್ ಆಫ್ ಫೇಮ್ ಕೊಡೋಕಾಗಲ್ಲ

ಓದುಗರ ಪ್ರಶ್ನೆ: ರಾಡಿ ಪೈಪರ್, ಜೇಕ್ ರಾಬರ್ಟ್ಸ್ ಇಬ್ಬರೂ ಒಂದು ಸಲವೂ ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇಯ ವರ್ಲ್ಡ್ ಚಾಂಪಿಯನ್ ಆಗಿಲ್ಲ. ಆದರೂ ಹಾಲ್ ಆಫ್ ಫೇಮ್‌ನಲ್ಲಿ ಇದ್ದಾರೆ. ಜಾಸ್ತಿ ಸಲ ಚಾಂಪಿಯನ್ ಬೆಲ್ಟ್ ಗೆದ್ದವರಿಗೆ ಅಲ್ವಾ ಅದು ಸಿಗಬೇಕಾದದ್ದು? ನಿಮ್ಮ ಪ್ರಕಾರ ನಿಜಕ್ಕೂ ಯಾರು ಅರ್ಹರು?

ಈ ಪ್ರಶ್ನೆ ಹೆಸರು ಬದಲಾಯಿಸಿಕೊಂಡು ಬರುತ್ತಲೇ ಇರುತ್ತದೆ. ಒಮ್ಮೆ ಪೈಪರ್ ಜಾಗದಲ್ಲಿ ಸ್ಕಾಟ್ ಹಾಲ್ ಇರುತ್ತಾರೆ, ಇನ್ನೊಮ್ಮೆ ರಿಕಿ ಸ್ಟೀಂಬೋಟ್. ಇಲ್ಲಿಯವರೆಗೆ ತುಂಡು ತುಂಡಾಗಿ ಉತ್ತರ ಕೊಟ್ಟಿದ್ದೇನೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಓದಿ ಅಂತ ಹೇಳಬಹುದು.

ಮೊದಲು ಒಂದು ಮಾತು. ಹಾಲ್ ಆಫ್ ಫೇಮ್, ಅಂದರೆ ದೊಡ್ಡವರ ಗೌರವದ ಪಟ್ಟಿ, ಒಂದೇ ಇಲ್ಲ. ಎಲ್ಲರ ಬಾಯಲ್ಲಿರೋದು ಡಬ್ಲ್ಯುಡಬ್ಲ್ಯುಇಯದ್ದು. ಅದು 1993ರಲ್ಲಿ ಶುರುವಾಯಿತು. ಆ ವರ್ಷ ಜನವರಿಯಲ್ಲಿ ತೀರಿಕೊಂಡ ಆಂಡ್ರೆ ದಿ ಜೈಂಟ್ ಅವರದೇ ಮೊದಲ ಹೆಸರು, ಆ ವರ್ಷಕ್ಕೆ ಅದೊಂದೇ ಹೆಸರು. 1996ರ ನಂತರ ನಿಂತುಹೋಗಿದ್ದು 2004ರಲ್ಲಿ ಮತ್ತೆ ಶುರುವಾಯಿತು. ಹೆಸರು ಆರಿಸುವುದು ಕಂಪನಿಯೇ. ಹಾಗಾಗಿ ಕಂಪನಿಯ ಜೊತೆ ಮುನಿಸಿಕೊಂಡವರು ವರ್ಷಗಟ್ಟಲೆ ಹೊರಗೇ ಇರುತ್ತಾರೆ, ಡೊನಾಲ್ಡ್ ಟ್ರಂಪ್ ಸೆಲೆಬ್ರಿಟಿ ವಿಭಾಗದಲ್ಲಿ ಒಳಗೆ ಬರುತ್ತಾರೆ. ಇನ್ನೊಂದು, 1996ರಲ್ಲಿ ಪತ್ರಕರ್ತ ಡೇವ್ ಮೆಲ್ಟ್ಜರ್ ಶುರು ಮಾಡಿದ ರೆಸ್ಲಿಂಗ್ ಅಬ್ಸರ್ವರ್ ಹಾಲ್ ಆಫ್ ಫೇಮ್. ಅಲ್ಲಿ ರೆಸ್ಲರ್‌ಗಳು, ಪತ್ರಕರ್ತರು, ಇತಿಹಾಸ ಬಲ್ಲವರು ಮತ ಹಾಕುತ್ತಾರೆ, ಶೇ. 60 ಮತ ಬಿದ್ದರೆ ಮಾತ್ರ ಪ್ರವೇಶ. ಯಾರು ಅರ್ಹರು ಅನ್ನೋ ಚರ್ಚೆಗೆ ನಾನು ಈ ಎರಡನೆಯದನ್ನೇ ಹೆಚ್ಚು ನಂಬುತ್ತೇನೆ.

ಈಗ ಬೆಲ್ಟ್ ವಿಷಯಕ್ಕೆ ಬರೋಣ.

ಪಂದ್ಯದಲ್ಲಿ ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಇದು ನಿಮಗೆಲ್ಲ ಗೊತ್ತು. ಗೊತ್ತಿದ್ದೂ ಮತ್ತೆ ಗೆಲುವಿನ ಲೆಕ್ಕ ಹಾಕಿಕೊಂಡು ಕೂರೋದು ಯಾಕೆ? ನಾಟಕದಲ್ಲಿ ಯಾರು ಎಷ್ಟು ಸಲ ರಾಜನ ಪಾತ್ರ ಮಾಡಿದರು ಅಂತ ಎಣಿಸಿ ಯಾರನ್ನೂ ದೊಡ್ಡ ನಟ ಅನ್ನಲ್ಲ. ಬೆಲ್ಟ್ ಕೂಡ ಕಥೆಗೆ ಬೇಕಾದಾಗ ಬೇಕಾದವರ ಸೊಂಟಕ್ಕೆ ಬರುವ ಒಂದು ಸಾಮಾನು.

ಉದಾಹರಣೆ ಬೇಕಾ? 2000ದಲ್ಲಿ ಡಬ್ಲ್ಯುಸಿಡಬ್ಲ್ಯು ಅನ್ನೋ ಎದುರಾಳಿ ಕಂಪನಿ ತನ್ನ ವರ್ಲ್ಡ್ ಟೈಟಲ್ ಅನ್ನು ಡೇವಿಡ್ ಆರ್ಕೆಟ್ ಅನ್ನೋ ಸಿನಿಮಾ ನಟನಿಗೆ ಕೊಟ್ಟಿತು. ಆರ್ಕೆಟ್ ರೆಸ್ಲಿಂಗ್‌ನ ದೊಡ್ಡ ಅಭಿಮಾನಿ. ಈ ಬೆಲ್ಟ್ ನನಗೆ ಬೇಡ ಅಂತ ಅವರೇ ಹೇಳಿದ್ದರು. ಕಂಪನಿ ಕೇಳಲಿಲ್ಲ. ಅದೇ ವರ್ಷ ಕಥೆ ಬರೆಯುತ್ತಿದ್ದ ವಿನ್ಸ್ ರುಸೋ ಕೂಡ ಅದೇ ಬೆಲ್ಟ್ ಗೆದ್ದರು. ಅದಕ್ಕೆ ಒಂದು ವರ್ಷ ಮೊದಲು, 1999ರಲ್ಲಿ, ಡಬ್ಲ್ಯುಡಬ್ಲ್ಯುಎಫ್ (ಡಬ್ಲ್ಯುಡಬ್ಲ್ಯುಇಯ ಹಳೆಯ ಹೆಸರು) ಮಾಲೀಕ ವಿನ್ಸ್ ಮೆಕ್‌ಮಹಾನ್ ತಮ್ಮದೇ ಕಂಪನಿಯ ಚಾಂಪಿಯನ್ ಆಗಿದ್ದರು. ಬೆಲ್ಟೇ ಅಳತೆ ಅನ್ನೋದಾದರೆ ಈ ಮೂವರೂ ಪೈಪರ್‌ಗಿಂತ ದೊಡ್ಡ ರೆಸ್ಲರ್‌ಗಳು. ಒಪ್ಪುತ್ತೀರಾ?

ಆಂಡ್ರೆ ಅವರ ಕಥೆ ನೋಡಿ. 1988ರ ಫೆಬ್ರವರಿ 5ರಂದು ಹಲ್ಕ್ ಹೋಗನ್ ಅವರನ್ನು ಸೋಲಿಸಿ ಡಬ್ಲ್ಯುಡಬ್ಲ್ಯುಎಫ್ ಬೆಲ್ಟ್ ಗೆದ್ದರು. ಅದು ಅವರ ಕೈಯಲ್ಲಿ ಇದ್ದದ್ದು ಎರಡು ನಿಮಿಷಕ್ಕಿಂತ ಕಡಿಮೆ. ರಿಂಗಿನಲ್ಲೇ ಅದನ್ನು ಟೆಡ್ ಡಿಬಿಯಾಸಿಗೆ ಒಪ್ಪಿಸಿದರು, ಕಥೆ ಇದ್ದದ್ದೇ ಹಾಗೆ. ಆ ಕಂಪನಿಯಲ್ಲಿ ಅವರ ಪೂರ್ತಿ ವರ್ಲ್ಡ್ ಚಾಂಪಿಯನ್ ಅವಧಿ ಅಷ್ಟೇ. ಆದರೆ ಆ ಕಂಪನಿಯ ಹಾಲ್ ಆಫ್ ಫೇಮ್ ಶುರುವಾದದ್ದೇ ಅವರ ಹೆಸರಿನಿಂದ. ಅವರು ಆಡಿದ ಅತಿ ಪ್ರಸಿದ್ಧ ಪಂದ್ಯ ಯಾವುದು ಹೇಳಿ? 1987ರ ರೆಸಲ್‌ಮೇನಿಯಾ 3ರದ್ದು (ರೆಸಲ್‌ಮೇನಿಯಾ ಅಂದರೆ ಕಂಪನಿಯ ವರ್ಷದ ಅತಿ ದೊಡ್ಡ ಕಾರ್ಯಕ್ರಮ). ಬೆನ್ನು ಹಾಳಾಗಿ, ನೋವು ನುಂಗಿಕೊಂಡು ರಿಂಗಿಗೆ ಬಂದು, ಹೋಗನ್ ತಮ್ಮನ್ನು ಎತ್ತಿ ಕೆಡವೋದಕ್ಕೆ ಮೈ ಕೊಟ್ಟರು. ಸೋತರು. ಹೋಗನ್ ಅವರನ್ನು ಹೋಗನ್ ಮಾಡಿದ್ದು ಆ ಸೋಲು.

ಇನ್ನು ಎಣಿಕೆಯ ಒಳಗೇ ಒಂದು ತಪ್ಪಿದೆ, ಅದನ್ನು ಯಾರೂ ಯೋಚಿಸುವುದಿಲ್ಲ. 16 ಸಲ ಚಾಂಪಿಯನ್ ಆಗಬೇಕಾದರೆ ಕನಿಷ್ಠ 15 ಸಲ ಬೆಲ್ಟ್ ಕಳೆದುಕೊಂಡಿರಬೇಕು. ಬ್ರೂನೊ ಸಮ್ಮಾರ್ಟಿನೊ ಚಾಂಪಿಯನ್ ಆದದ್ದು ಎರಡೇ ಸಲ. ಮೊದಲ ಸಲ ಗೆದ್ದದ್ದು 1963ರ ಮೇನಲ್ಲಿ, ಬಿಟ್ಟುಕೊಟ್ಟದ್ದು 1971ರ ಜನವರಿಯಲ್ಲಿ. 2,803 ದಿನ! ಎರಡನೆಯದನ್ನೂ ಸೇರಿಸಿದರೆ 11 ವರ್ಷ ದಾಟುತ್ತದೆ. ಬರೀ ಎಣಿಕೆಯಲ್ಲಿ ಅವರಿಗೆ ಎರಡು, ಎಡ್ಜ್‌ಗೆ ಹನ್ನೊಂದು. ಎಡ್ಜ್ ಒಳ್ಳೆಯ ರೆಸ್ಲರ್, ಆ ಮಾತು ಬೇರೆ. ಆದರೆ ಈ ಎಣಿಕೆ ಏನನ್ನೂ ಹೇಳುತ್ತಿಲ್ಲ. ರಿಕ್ ಫ್ಲೇರ್ ಅವರ 16 ಕೂಡ ಡಬ್ಲ್ಯುಡಬ್ಲ್ಯುಇ ಒಪ್ಪಿದ ಸಂಖ್ಯೆ. ಬೇರೆ ಬೇರೆ ಊರಿನ, ದೇಶದ ಪಂದ್ಯಗಳನ್ನು ಸೇರಿಸಿ ಇಪ್ಪತ್ತಕ್ಕೂ ಹೆಚ್ಚು ಅನ್ನುವವರಿದ್ದಾರೆ. 2025ರಲ್ಲಿ ಜಾನ್ ಸೀನಾ 17ನೇ ಸಲ ಗೆದ್ದಾಗ ದಾಖಲೆ ಮುರಿಯಿತು ಅಂದರು. ಗಟ್ಟಿಯಾದ ಸಂಖ್ಯೆಯೇ ಇಲ್ಲದ ದಾಖಲೆ ಅದು.

ಹಾಗಂತ ಬೆಲ್ಟ್‌ಗೆ ಬೆಲೆಯೇ ಇಲ್ಲ ಅಂತಲ್ಲ. ಹಿಂದೆ ಊರೂರಿನ ರೆಸ್ಲಿಂಗ್ ಕಂಪನಿಗಳ ಒಕ್ಕೂಟವಾದ ಎನ್‌ಡಬ್ಲ್ಯುಎಯ ಚಾಂಪಿಯನ್ ಊರೂರು ಸುತ್ತಬೇಕಿತ್ತು. ಲೂ ಥೆಜ್, ಹಾರ್ಲಿ ರೇಸ್, ಆಮೇಲೆ ಫ್ಲೇರ್ ಮಾಡಿದ್ದು ಇದನ್ನೇ. ಪ್ರತಿ ಊರಿನಲ್ಲೂ ಅಲ್ಲಿನ ಜನ ಮೆಚ್ಚಿದ ಒಬ್ಬ ರೆಸ್ಲರ್ ಇರುತ್ತಿದ್ದರು. ಚಾಂಪಿಯನ್ ಅವರ ಜೊತೆ ಅರ್ಧ ಗಂಟೆ, ಒಂದೊಂದು ಸಲ ಪೂರ್ತಿ ಒಂದು ಗಂಟೆ ಆಡಿ, ಇನ್ನೇನು ನಮ್ಮವನೇ ಗೆದ್ದುಬಿಟ್ಟ ಅಂತ ಜನಕ್ಕೆ ಅನ್ನಿಸಿ, ಕೊನೆ ಕ್ಷಣದಲ್ಲಿ ತಪ್ಪಿಸಿಕೊಂಡು ಹೋಗಬೇಕಿತ್ತು. ಚಾಂಪಿಯನ್ ಹೋದ ಮೇಲೆ ಆ ಊರಿನ ರೆಸ್ಲರ್ ಮೊದಲಿಗಿಂತ ದೊಡ್ಡವರಾಗಿ ಕಾಣಬೇಕು. ಅದನ್ನು ಮಾಡಬಲ್ಲವರ ಕೈಗೆ ಮಾತ್ರ ಬೆಲ್ಟ್ ಕೊಡುತ್ತಿದ್ದರು. ಅಂದರೆ ಚಾಂಪಿಯನ್ನಿನ ಕೆಲಸವೂ ಎದುರಿನವರನ್ನು ಬೆಳೆಸೋದೇ.

ನನ್ನ ಅಳತೆ ಇಲ್ಲೇ ಇದೆ. ಇವರ ಜೊತೆ ರಿಂಗಿಗೆ ಇಳಿದವರು ಬೆಳೆದರಾ? ಇವರ ಹೆಸರು ಕೇಳಿ ಜನ ಟಿಕೆಟ್ ತಗೊಂಡರಾ? ಇವರು ಹೋದ ಮೇಲೆ ಉಳಿದವರು ಆಡುವ ರೀತಿ ಬದಲಾಯಿತಾ? ಮೂರರಲ್ಲಿ ಎರಡಕ್ಕಾದರೂ ಧೈರ್ಯವಾಗಿ ಹೌದು ಅನ್ನೋಕಾದರೆ ಅವರು ಅರ್ಹರು.

ಪೈಪರ್ ಅವರನ್ನು ಇದರಲ್ಲಿ ಅಳೆಯಿರಿ. 1985ರ ಮೊದಲ ರೆಸಲ್‌ಮೇನಿಯಾದ ಮುಖ್ಯ ಪಂದ್ಯದಲ್ಲಿ ಹೋಗನ್ ಮತ್ತು ಮಿಸ್ಟರ್ ಟಿ ಎದುರು ನಿಂತವರು ಪೈಪರ್ ಮತ್ತು ಪಾಲ್ ಆರ್ನ್‌ಡಾರ್ಫ್. ಪೈಪರ್ ಒದೆ ತಿನ್ನೋದನ್ನು ನೋಡಲೇಬೇಕು ಅಂತ ಜನಕ್ಕೆ ಅನ್ನಿಸಿತ್ತು. ಮಾತಿನಲ್ಲೇ ಅಷ್ಟು ಸಿಟ್ಟು ಬರಿಸುತ್ತಿದ್ದರು. ಅಂಥ ವಿಲನ್ ಇಲ್ಲದಿದ್ದರೆ ಆ ರಾತ್ರಿ ಹೋಗನ್ ಯಾರನ್ನು ಹೊಡೆದು ಹೀರೊ ಆಗಬೇಕಿತ್ತು? ಜೇಕ್ ರಾಬರ್ಟ್ಸ್ ಡಬ್ಲ್ಯುಡಬ್ಲ್ಯುಎಫ್‌ನಲ್ಲಿ ಯಾವ ಬೆಲ್ಟನ್ನೂ ಗೆಲ್ಲಲಿಲ್ಲ, ಚಿಕ್ಕದನ್ನೂ. ಎಲ್ಲರೂ ಮೈಕ್ ಹಿಡಿದು ಕಿರುಚುತ್ತಿದ್ದ ಕಾಲದಲ್ಲಿ ಅವರು ಮೆಲ್ಲಗೆ ಮಾತಾಡಿದರು. ಏನು ಹೇಳ್ತಾರೆ ಅಂತ ಜನ ಸುಮ್ಮನಾಗಿ ಕಿವಿಕೊಟ್ಟರು. ಅವರ ಡಿಡಿಟಿ, ಅಂದರೆ ಎದುರಿನವರ ತಲೆ ಕಂಕುಳಲ್ಲಿ ಹಿಡಿದು ನೆಲಕ್ಕೆ ಕೆಡವುವ ಪಟ್ಟು, ಬಿದ್ದರೆ ಪಂದ್ಯ ಮುಗಿದಂತೆ. ಇವತ್ತು ಆ ಪಟ್ಟು ಗೊತ್ತಿಲ್ಲದ ರೆಸ್ಲರ್ ಎಲ್ಲೂ ಸಿಗಲ್ಲ.

ಇನ್ನೂ ಅನುಮಾನ ಇದ್ದರೆ ಒಂದೇ ಒಂದು ಪಂದ್ಯ ನೋಡಿ. 1997ರ ಮಾರ್ಚ್ 23, ರೆಸಲ್‌ಮೇನಿಯಾ 13, ಬ್ರೆಟ್ ಹಾರ್ಟ್ ಮತ್ತು ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್. ಸೋಲು ಒಪ್ಪಿಕೊಂಡರೆ ಮಾತ್ರ ಮುಗಿಯುವ ಪಂದ್ಯ, ಕೆನ್ ಶಾಮ್‌ರಾಕ್ ರೆಫರಿ. ಬ್ರೆಟ್ ಒಳ್ಳೆಯವರಾಗಿ, ಆಸ್ಟಿನ್ ಕೆಟ್ಟವರಾಗಿ ರಿಂಗಿಗೆ ಬರುತ್ತಾರೆ. ಕೊನೆಯಲ್ಲಿ ಬ್ರೆಟ್ ಕಾಲು ತಿರುಚಿ ಬೆನ್ನು ಬಗ್ಗಿಸುವ ಶಾರ್ಪ್‌ಶೂಟರ್ ಪಟ್ಟು ಹಾಕುತ್ತಾರೆ. ಆಸ್ಟಿನ್ ಹಣೆ ಒಡೆದಿದೆ, ಮುಖವೆಲ್ಲ ರಕ್ತ, ಹಲ್ಲಿನ ಸಂದಿಯಲ್ಲೂ ರಕ್ತ. ಎರಡೂ ಕೈ ನೆಲಕ್ಕೆ ಊರಿ ಮೈ ಎತ್ತುತ್ತಾರೆ. ಪಟ್ಟು ಒಂದು ಕ್ಷಣ ಸಡಿಲವಾಗುತ್ತದೆ, ಬ್ರೆಟ್ ಮತ್ತೆ ಬಿಗಿ ಮಾಡುತ್ತಾರೆ. ಆಸ್ಟಿನ್ ಸೋತೆ ಅನ್ನಲ್ಲ. ಹಾಗೇ ಪ್ರಜ್ಞೆ ತಪ್ಪುತ್ತಾರೆ. ಶಾಮ್‌ರಾಕ್ ಪಂದ್ಯ ನಿಲ್ಲಿಸುತ್ತಾರೆ. ಬಿದ್ದವರ ಮೇಲೆ ಬ್ರೆಟ್ ಮತ್ತೆ ಕೈ ಮಾಡುತ್ತಾರೆ, ಅಲ್ಲಿಗೆ ಜನ ತಿರುಗಿಬೀಳುತ್ತಾರೆ. ಗೆದ್ದವರು ಬೈಗುಳ ಕೇಳಿಕೊಂಡು ಹೊರಗೆ ಹೋಗುತ್ತಾರೆ. ಸೋತವರು ಯಾರ ಕೈಯನ್ನೂ ಹಿಡಿಯದೆ ಕುಂಟುತ್ತಾ ನಡೆಯುತ್ತಾರೆ, ಜನ ಅವರ ಹೆಸರು ಕೂಗುತ್ತಾರೆ.

ಆ ರಾತ್ರಿ ವರ್ಲ್ಡ್ ಟೈಟಲ್ ಪಂದ್ಯ ಬೇರೆಯೇ ಇತ್ತು, ಅಂಡರ್‌ಟೇಕರ್ ಸಿಡ್ ಅವರಿಂದ ಬೆಲ್ಟ್ ಗೆದ್ದರು. ಅದನ್ನು ಈಗ ಎಷ್ಟು ಜನ ನೆನೆಸಿಕೊಳ್ಳುತ್ತಾರೆ? ಬೆಲ್ಟೇ ಇಲ್ಲದ ಬ್ರೆಟ್-ಆಸ್ಟಿನ್ ಪಂದ್ಯವನ್ನು ಮಾತ್ರ 2025ರಲ್ಲಿ ಡಬ್ಲ್ಯುಡಬ್ಲ್ಯುಇ ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿತು. ಇಡೀ ಪಂದ್ಯವನ್ನೇ! ಆಸ್ಟಿನ್ ಮೊದಲ ಸಲ ವರ್ಲ್ಡ್ ಚಾಂಪಿಯನ್ ಆದದ್ದು ಇದಾಗಿ ಒಂದು ವರ್ಷಕ್ಕೆ. ಬೆಲ್ಟ್ ಬರುವ ಹೊತ್ತಿಗೆ ಅವರು ಆಗಲೇ ದೊಡ್ಡವರಾಗಿದ್ದರು.

ಹಾಗಾದರೆ ಯಾರು ಅರ್ಹರು ಅಂತ ಕೇಳಿದಿರಿ. ಹೋಗನ್, ಫ್ಲೇರ್, ಆಸ್ಟಿನ್, ಅಂಡರ್‌ಟೇಕರ್ ಬಗ್ಗೆ ಯಾರೂ ಜಗಳ ಆಡಲ್ಲ, ಬಿಡಿ. ನನಗೆ ಸಂಕಟ ಆಗೋದು ಓವೆನ್ ಹಾರ್ಟ್ ವಿಷಯದಲ್ಲಿ. ಅಣ್ಣ ಬ್ರೆಟ್ ಜೊತೆ 1994ರ ರೆಸಲ್‌ಮೇನಿಯಾ 10ರಲ್ಲಿ ಅವರು ಆಡಿದ, ಆ ರಾತ್ರಿಯ ಮೊದಲ ಪಂದ್ಯ ಈಗಲೂ ಕಲಿಯುವವರಿಗೆ ಪಾಠ. 1999ರ ಮೇ 23ರಂದು ಕಾನ್ಸಸ್ ಸಿಟಿಯಲ್ಲಿ, ಮೇಲಿನಿಂದ ಹಗ್ಗದಲ್ಲಿ ಇಳಿಯುವ ಪ್ರವೇಶದ ವೇಳೆ ಬಿದ್ದು ಪ್ರಾಣ ಬಿಟ್ಟರು. ಡಬ್ಲ್ಯುಡಬ್ಲ್ಯುಇ ಅವರ ಹೆಸರು ಬಳಸೋದು ಅವರ ಹೆಂಡತಿ ಮಾರ್ತಾ ಅವರಿಗೆ ಇಷ್ಟವಿಲ್ಲ. ಅದು ಅವರ ಹಕ್ಕು. ಸಭೆಯಲ್ಲಿ ಹೆಸರು ಓದದಿದ್ದರೂ ಓವೆನ್ ಅರ್ಹರೇ.

ಚೈನಾ 1999ರಲ್ಲಿ ಗಂಡಸರ ರಾಯಲ್ ರಂಬಲ್‌ಗೆ (ಒಬ್ಬೊಬ್ಬರಾಗಿ ರಿಂಗಿಗೆ ಬರುವ ಹಲವರಲ್ಲಿ, ಹೊರಗೆ ಬೀಳದೆ ಕೊನೆಗೆ ಉಳಿದವರು ಗೆಲ್ಲುವ ಪಂದ್ಯ) ಇಳಿದ ಮೊದಲ ಹೆಣ್ಣು. ಅದೇ ವರ್ಷ ಜೆಫ್ ಜ್ಯಾರೆಟ್ ಅವರಿಂದ ವರ್ಲ್ಡ್ ಟೈಟಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಗೆದ್ದರು, ಅದೂ ಹೆಣ್ಣುಮಕ್ಕಳಲ್ಲಿ ಮೊದಲು. 2016ರಲ್ಲಿ ತೀರಿಕೊಂಡರು. 2019ರಲ್ಲಿ ಹಾಲ್ ಆಫ್ ಫೇಮ್‌ಗೆ ಸೇರಿದ್ದು ಡಿ-ಜನರೇಷನ್ ಎಕ್ಸ್ ಗುಂಪಿನ ಜೊತೆ. ಒಬ್ಬರೇ, ತಮ್ಮ ಹೆಸರಲ್ಲೇ ಹೋಗಬೇಕಾದವರು ಅವರು. ಜಪಾನಿನ ಮಿತ್ಸುಹಾರು ಮಿಸಾವಾ ಡಬ್ಲ್ಯುಡಬ್ಲ್ಯುಇಗೆ ಆಡಿದವರಲ್ಲ. ಅಬ್ಸರ್ವರ್ ಪಟ್ಟಿಯಲ್ಲಿ ಇದ್ದಾರೆ. ತೊಂಬತ್ತರ ದಶಕದ ಅವರ ಪಂದ್ಯ ಒಂದನ್ನು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಖಲಿ ಬಗ್ಗೆ ಕೇಳದೆ ನೀವು ಬಿಡಲ್ಲ ಅಂತ ಗೊತ್ತು. 2007ರಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್, 2021ರ ಪಟ್ಟಿಯಲ್ಲಿ ಹಾಲ್ ಆಫ್ ಫೇಮ್. ಹೊಸ ಜನರನ್ನು ಟಿವಿ ಮುಂದೆ ಕೂರಿಸಿದರು, ಅದು ದೊಡ್ಡ ವಿಷಯವೇ. ರಿಂಗಿನೊಳಗಿನ ಆಟದ ಲೆಕ್ಕದಲ್ಲಿ ನಾನಾಗಿದ್ದರೆ ಮತ ಹಾಕುತ್ತಿರಲಿಲ್ಲ. ಬೆಲ್ಟ್ ಇದ್ದರೂ ಇಲ್ಲ. ದಾರಾ ಸಿಂಗ್ ಅವರಿಗೆ ಎರಡನೇ ಯೋಚನೆ ಇಲ್ಲದೆ ಹಾಕುತ್ತಿದ್ದೆ. 1968ರಲ್ಲಿ ಬಾಂಬೆಯಲ್ಲಿ ಲೂ ಥೆಜ್ ಅವರನ್ನೇ ಸೋಲಿಸಿದವರು, ಮೈದಾನ ತುಂಬಿಸುತ್ತಿದ್ದವರು. 2018ರಲ್ಲಿ ಡಬ್ಲ್ಯುಡಬ್ಲ್ಯುಇ ಅವರನ್ನು ಸೇರಿಸಿದ್ದು ಲೆಗಸಿ ವಿಭಾಗಕ್ಕೆ. ಅಲ್ಲಿ ವಿಡಿಯೊದಲ್ಲಿ ಹೆಸರುಗಳು ಒಂದರ ಹಿಂದೆ ಒಂದು ಬಂದು ಹೋಗುತ್ತವೆ, ಯಾರ ಭಾಷಣವೂ ಇರಲ್ಲ. ಅವರ ಸ್ಥಾನ ಮುಖ್ಯ ವೇದಿಕೆಯ ಮೇಲಿತ್ತು.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಈ ಪಟ್ಟಿಗಳ ಬಗ್ಗೆ ಮಾತಾಡುವಾಗ ಮ್ಯಾನೇಜರ್‌ಗಳು, ಅಂದರೆ ರಿಂಗಿನ ಪಕ್ಕ ನಿಂತು ರೆಸ್ಲರ್ ಪರ ಮಾತಾಡುವವರು, ಯಾರ ನೆನಪಿಗೂ ಬರಲ್ಲ. ಬಾಬಿ ಹೀನನ್ ಅವರನ್ನೇ ತಗೊಳ್ಳಿ, 2004ರಲ್ಲಿ ಸೇರಿದವರು. ರೆಸಲ್‌ಮೇನಿಯಾ 3ರಲ್ಲಿ ಆಂಡ್ರೆ ಪಕ್ಕದಲ್ಲಿ ಇದ್ದದ್ದು ಅವರೇ. ವರ್ಷಾನುಗಟ್ಟಲೆ ಜನ ಮೆಚ್ಚಿದ್ದ ದೈತ್ಯನನ್ನು ಒಮ್ಮೆಲೇ ದ್ವೇಷಿಸಿ ಅಂದರೆ ಆಗುತ್ತಾ? ಆಂಡ್ರೆ ಹೆಚ್ಚು ಮಾತಾಡುತ್ತಿರಲಿಲ್ಲ. ಹೀನನ್ ಮಾತಾಡಿ ಮಾತಾಡಿ ಆ ಸಿಟ್ಟನ್ನು ತಮ್ಮ ಮೇಲೆ ಎಳೆದುಕೊಂಡು, ಅಲ್ಲಿಂದ ಆಂಡ್ರೆ ಮೇಲೂ ಹರಿಸಿದರು. ಹೊಡೆತ ತಿನ್ನೋದರಲ್ಲೂ ಅವರಿಗೆ ಸಾಟಿ ಇರಲಿಲ್ಲ. ತಮ್ಮ ರೆಸ್ಲರ್ ಗೆದ್ದ ದಿನ ಕೂಡ ಕೊನೆಗೆ ತಾವು ಏಟು ತಿಂದು ಜನರನ್ನು ಖುಷಿಯಾಗಿ ಮನೆಗೆ ಕಳಿಸುತ್ತಿದ್ದರು.

1992ರ ರಾಯಲ್ ರಂಬಲ್ ಮತ್ತೆ ನೋಡಿ, ಈ ಸಲ ಕಿವಿಯಿಂದ. ಫ್ಲೇರ್ ಮೂರನೆಯವರಾಗಿ ಬಂದು ಸುಮಾರು ಒಂದು ಗಂಟೆ ಉಳಿದು ಗೆದ್ದರು. ಕಾಮೆಂಟರಿಯಲ್ಲಿ ಗೊರಿಲ್ಲಾ ಮಾನ್ಸೂನ್ ಜೊತೆ ಹೀನನ್, ಪೂರ್ತಿ ಫ್ಲೇರ್ ಪರ. ಪ್ರತಿ ಹೊಸ ರೆಸ್ಲರ್ ಬಂದಾಗಲೂ ಅವರ ಎದೆ ಒಡೆಯುತ್ತದೆ, ಫ್ಲೇರ್ ಹಗ್ಗಕ್ಕೆ ತಗುಲಿ ಹೊರಗೆ ವಾಲಿದಾಗಲೆಲ್ಲ ಕೂಗುತ್ತಾರೆ. ಆ ಒಂದು ಗಂಟೆ ಬೇಸರ ಬರದೆ ಕಳೆಯೋದಕ್ಕೆ ಅರ್ಧ ಕಾರಣ ಫ್ಲೇರ್, ಇನ್ನರ್ಧ ಹೀನನ್. ಜಿಮ್ಮಿ ಹಾರ್ಟ್, ಪಾಲ್ ಬೇರರ್ ಇಬ್ಬರೂ ಸೇರಿದ್ದಾರೆ, 2024ರಲ್ಲಿ ಪಾಲ್ ಹೇಮನ್ ಕೂಡ ಸೇರಿದರು. ಅವರೆಲ್ಲರ ಬಗ್ಗೆ ನನಗೆ ಗೌರವ ಇದೆ. ಆದರೆ ಪಟ್ಟಿಯಲ್ಲಿ ಹತ್ತೇ ಜನರನ್ನು ಉಳಿಸಿಕೊಳ್ಳಿ ಅಂದರೂ, ರೆಸ್ಲರ್, ಮ್ಯಾನೇಜರ್ ಅಂತ ಬೇರೆ ಮಾಡದೆ, ಹೀನನ್ ಹೆಸರನ್ನು ನಾನು ತೆಗೆಯಲ್ಲ.