ಆಕ್ಸಿಮೀಟರ್ 96 ತೋರಿಸುತ್ತಿರುವಾಗ ಮಣಿಕಟ್ಟಿನಿಂದ ರಕ್ತ ತೆಗೆದದ್ದೇಕೆ?

ಪ್ರಶ್ನೆ: ಅಪ್ಪನಿಗೆ 72 ವರ್ಷ. ಬೀಡಿಯಿಂದ ಶ್ವಾಸಕೋಶ ಹಾಳಾಗಿ, ಮನೆಯಲ್ಲೇ ಆಮ್ಲಜನಕ ಕೊಡುತ್ತಿದ್ದೇವೆ. ಆಕ್ಸಿಮೀಟರ್ 96 ತೋರಿಸುತ್ತಿದ್ದರೂ ಹಗಲೆಲ್ಲ ತೂಕಡಿಸುತ್ತಿದ್ದರು. ಮಂಗಳೂರಿಗೆ ಕರೆದೊಯ್ದಾಗ ಮಣಿಕಟ್ಟಿನಿಂದ ರಕ್ತ ತೆಗೆದು, ‘ಕಾರ್ಬನ್ ಡೈಆಕ್ಸೈಡ್ 62 ಇದೆ’ ಎಂದರು. ಹಾಗಾದರೆ ಆಕ್ಸಿಮೀಟರ್ ಕೆಟ್ಟಿದೆಯೇ?
– ಕುಂಬಳೆಯ ಓದುಗರೊಬ್ಬರು

ಉತ್ತರ: ಕೆಟ್ಟಿಲ್ಲ. ಅದಕ್ಕೆ ಕಾಣುವುದು ಆಮ್ಲಜನಕ ಮಾತ್ರ. ಕೊಳವೆಯಲ್ಲಿ ಆಮ್ಲಜನಕ ಬರುತ್ತಿದ್ದರೆ, ಉಸಿರಾಟ ಸೋಲುತ್ತಿದ್ದರೂ ಆ ಅಂಕಿ ಚೆನ್ನಾಗಿಯೇ ಇರಬಹುದು. ಹೊರಹೋಗಬೇಕಾದ ಕಾರ್ಬನ್ ಡೈಆಕ್ಸೈಡ್ ಒಳಗೇ ಉಳಿದಿದೆಯೇ ಎಂದು ನಿಖರವಾಗಿ ತಿಳಿಯಲು ಅಪಧಮನಿಯ ರಕ್ತವೇ ಬೇಕು. ಮಣಿಕಟ್ಟಿನಲ್ಲಿ ನಾಡಿ ಮಿಡಿಯುವಲ್ಲಿ ಅದು ಸುಲಭವಾಗಿ ಸಿಗುತ್ತದೆ. ಚುಚ್ಚಿದಾಗ ನೋವು ಸ್ವಲ್ಪ ಜಾಸ್ತಿ. ಸಿರಿಂಜಿನಲ್ಲಿ ಗಾಳಿಗುಳ್ಳೆ ಉಳಿದರೂ, ಪರೀಕ್ಷೆ ತಡವಾದರೂ ಅಂಕಿ ಏರುಪೇರಾಗುತ್ತದೆ, ಆದ್ದರಿಂದಲೇ ಸಿಬ್ಬಂದಿ ಮಾದರಿಯನ್ನು ಹಿಡಿದು ಓಡುವುದು.

ಆ ವರದಿಯಲ್ಲಿ ಸಹಜ ಮಟ್ಟ 35ರಿಂದ 45 ಮಿಲಿಮೀಟರ್ ಪಾದರಸ. 62 ಎಂದರೆ ಹೆಚ್ಚೇ. ಆದರೆ ಪಕ್ಕದಲ್ಲಿರುವ ಪಿಎಚ್ (ರಕ್ತ ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂಬ ಅಳತೆ) ನೋಡದೆ ಗಾಬರಿಯಾಗಬೇಡಿ. ಅದು 7.35ಕ್ಕಿಂತ ಕೆಳಗಿಳಿದಿದ್ದರೆ ತುರ್ತು. ಸಹಜವಾಗಿದ್ದರೆ, ಮೂತ್ರಪಿಂಡಗಳು ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಉಳಿಸಿಕೊಂಡು ದಿನಗಟ್ಟಲೆಯಿಂದ ಸರಿದೂಗಿಸುತ್ತಿವೆ ಎಂದು ತಿಳಿಯಬಹುದು.

ಸಾಮಾನ್ಯ ಸಿರೆಯ ರಕ್ತದ ವರದಿಯಲ್ಲೂ ‘ಸಿಓ2’ ಎಂಬ ಸಾಲು ಇರುತ್ತದೆ, ಅಲ್ಲಿ ಸಹಜ ಮಟ್ಟ ಸುಮಾರು 23ರಿಂದ 29. ಅದು ಬಹುಪಾಲು ಬೈಕಾರ್ಬನೇಟ್ ಲೆಕ್ಕ. ಎರಡನ್ನೂ ಒಂದೇ ಎಂದು ಹೋಲಿಸಬೇಡಿ. ಈ ಗೊಂದಲ ವೈದ್ಯರನ್ನೂ ಕಾಡಿತ್ತು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿದಾಗ ರೋಗಿಗಳ ರಕ್ತದಲ್ಲಿ ಈ ಒಟ್ಟು ಲೆಕ್ಕ ಏರಿದ್ದನ್ನು ಕಂಡು, ರಕ್ತ ಕ್ಷಾರೀಯವಾಗಿದೆ ಎಂದುಕೊಂಡಿದ್ದರು. ಉಸಿರು ಸಾಲದೆ ಕಾರ್ಬನ್ ಡೈಆಕ್ಸೈಡ್ ಕಟ್ಟಿಕೊಂಡಿದೆ ಎಂದವರು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್. ಗಂಟಲಿನ ಕೊಳವೆಯ ಮೂಲಕ ಕೈಯಿಂದ ಚೀಲ ಒತ್ತಿ ಉಸಿರು ಕೊಡಿಸಿದರು; ವೈದ್ಯ ವಿದ್ಯಾರ್ಥಿಗಳು ಹಗಲಿರುಳು ಒತ್ತಿದರು, ಎಷ್ಟೋ ಜೀವ ಉಳಿಯಿತು.

ಇನ್ನು ನಿಮ್ಮ ಮನೆಯ ಮಾತು. ಆಮ್ಲಜನಕ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂಬ ನಂಬಿಕೆ ಇಂಥ ರೋಗಿಗಳಿಗೆ ಅಪಾಯಕಾರಿ. ಅತಿಯಾದರೆ, ಗಾಳಿಯಾಡದ ಶ್ವಾಸಕೋಶದ ಭಾಗಗಳತ್ತ ರಕ್ತ ಹೆಚ್ಚು ಹರಿದು ಕಾರ್ಬನ್ ಡೈಆಕ್ಸೈಡ್ ಮತ್ತಷ್ಟು ಏರುತ್ತದೆ. ಇವರಿಗೆ ಸಾಮಾನ್ಯವಾಗಿ ಆಕ್ಸಿಮೀಟರಿನಲ್ಲಿ 88ರಿಂದ 92ರ ಗುರಿ ಇಡುತ್ತಾರೆ. ಅಪ್ಪನಿಗೆ ಎಷ್ಟೆಂದು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ, ಕನ್ನಡದಲ್ಲಿಯೇ ಬರೆಸಿದರೆ ಅಮ್ಮನೂ ಓದಿಕೊಳ್ಳುತ್ತಾರೆ. ಬೆಳಗಿನ ತಲೆನೋವು, ತೊದಲು, ಎಬ್ಬಿಸಿದರೂ ಮತ್ತೆ ಜಾರುವ ನಿದ್ದೆ ಕಂಡರೆ ಆಮ್ಲಜನಕವನ್ನು ನೀವಾಗಿ ನಿಲ್ಲಿಸದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ, ಹಳೆಯ ವರದಿಗಳೂ ಜೊತೆಗಿರಲಿ.